ಮಕ್ತಲ್‌ನಲ್ಲಿ ಮಾತ್ರ ಜಿಗಿಯುವ ಹಾಡು

"ನಮ್ಮಪ್ಪನ ರಿಕಾರ್ಡ್ ಕದ್ದು ಕಾಪಿ ಮಾಡ್ಕೊಂಡೀರಿ, ಹೌದಲ್ರಿ?"

ಡಿಜೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಕಾಂತೇಶನ ದನಿಗೆ ಶಿವಗಂಗಾ ಬೆಚ್ಚಿ ಹೆಡ್‌ಫೋನ್ ತೆಗೆದಳು.

ಅವನು ಒಂದು ಸಲವಾದರೂ ಈ ಬಾಗಿಲಿಗೆ ಬರಲಿ ಎಂದು ಒಂದು ವರ್ಷದಿಂದ ಆಸೆಪಟ್ಟವಳು ಅವಳು. ಬಂದ... ಆದರೆ ಹೀಗೆ!

"ಏನಂದ್ರಿ?"

"ಗದ್ವಾಲದ ಮದುವಿ ದಿನ, ನಾ ಊಟಕ್ಕ ಹೋದಾಗ ರಿಕಾರ್ಡ್ ಪೆಟ್ಟಿಗಿ ಹತ್ರ ನೀವೊಬ್ಬರ ಇದ್ರಿ. ನಿನ್ನೆ ನಾರಾಯಣಪೇಟದಾಗ ಮದುವಿ ಮೆರವಣಿಗಿ ಹೊಂಟಿತ್ತು. ನಿಮ್ಮ ಡಿಜೆ ಮಿಕ್ಸ್ ಕೇಳ್ದೆ. ಅದ ಹಾಡು, ಅದ ಜಾಗಾದಾಗ ಜಿಗೀತು! ಅಲ್ಲಿ ಜಿಗಿಯೋದು ನಮ್ಮಪ್ಪನ ರಿಕಾರ್ಡ್ ಒಂದರಾಗ!"

ಶಿವಗಂಗಾ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು.

ಆ ಹಾಡನ್ನು ಮಕ್ತಲ್‌ನಲ್ಲಿ ಕೇಳದವರು ಯಾರು? ಮೂವತ್ತು ವರ್ಷ ಈ ಸೀಮೆಯಲ್ಲಿ ಯಾರ ಮದುವೆಯಾದರೂ ಕಾಂತೇಶನ ತಂದೆ ಮಹಾಂತಯ್ಯನವರ ಮೈಕ್‌ಸೆಟ್ಟೇ. ಎರಡು ರಿಕಾರ್ಡ್ ಪ್ಲೇಯರ್ ಮುಂದಿಟ್ಟುಕೊಂಡು, ಒಂದು ಹಾಡು ಇಳಿಯುತ್ತಿದ್ದಂತೆ ಇನ್ನೊಂದನ್ನು ಮೆಲ್ಲಗೆ ಏರಿಸುತ್ತಿದ್ದರು. ನಡುವೆ ಉಸಿರಾಡುವಷ್ಟೂ ಬಿಡುವಿರುತ್ತಿರಲಿಲ್ಲ.

ಅವರ ಪೆಟ್ಟಿಗೆಯಲ್ಲಿ ಒಂದು ಮದುವೆ ಹಾಡಿತ್ತು. ಮದುಮಗಳಿಗೆ ಜಡೆ ಹೆಣೆಯುವ ಸಾಲುಗಳಿಂದ ಶುರು. ಆಮೇಲೆ ರಿಕಾರ್ಡಿನಲ್ಲಿ ಗೀರು ಬಿದ್ದ ಜಾಗ ಬರುತ್ತಿತ್ತು. ಸೂಜಿ ಟಕ್ ಎಂದು ಜಿಗಿಯುತ್ತಿತ್ತು. ಮದುಮಗಳು ಏಕ್‌ದಂ ಗಂಡನ ಮನೆಯಲ್ಲಿ ದೀಪ ಹಚ್ಚುತ್ತಿದ್ದಳು!

ನಡುವೆ ಏನಿತ್ತೋ ಊರಿಗೆ ಗೊತ್ತಿಲ್ಲ. ಜನ ಹಾಗೇ ಕಲಿತರು, ಹಾಗೇ ಹಾಡಿದರು. ಜಿಗಿಯುವ ಹೊತ್ತಿಗೆ ಸರಿಯಾಗಿ ಹೆಂಗಸರೆಲ್ಲ ಚಪ್ಪಾಳೆ ತಟ್ಟುವುದೂ ರೂಢಿಯಾಯಿತು. ಪುಟ್ಟ ಶಿವಗಂಗಾ ಕೂಡ ಅವ್ವನ ಸೆರಗು ಹಿಡಿದು ತಟ್ಟಿದವಳೇ.

ಮಹಾಂತಯ್ಯನವರು ತೀರಿಕೊಂಡು ಮೂರು ವರ್ಷ. ಈಗ ಬೆಳಗಿನ ಅರಿಶಿಣಕ್ಕೆ ಕಾಂತೇಶನ ರಿಕಾರ್ಡು, ಸಂಜೆಯ ಮೆರವಣಿಗೆಗೆ ಶಿವಗಂಗಾ ಕಂಪ್ಯೂಟರಿನಲ್ಲಿ ಮಾಡಿದ ಮಿಕ್ಸು. ಹೀಗೆ ಮದುವೆ ಮನೆಗಳಲ್ಲೇ ಪರಿಚಯ. ಅವನು ಉಸಿರು ಬಿಗಿಹಿಡಿದು ಸೂಜಿ ಇಳಿಸುವುದನ್ನು ಅವಳು ಕಂಬದ ಮರೆಯಿಂದ ನೋಡುತ್ತಿದ್ದಳು. ನೋಡನೋಡುತ್ತಲೇ ಮನಸ್ಸು ಕೊಟ್ಟುಬಿಟ್ಟಿದ್ದಳು. ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

"ನಾ ಕದ್ದಿಲ್ರಿ," ಎಂದಳು.

"ಮತ್ತ ಕಂಪ್ಯೂಟರಿಗೆ ತಾನಾಗಿಯೇ ಹೊಳೀತೇನು? ನಮ್ಮಪ್ಪ ಜೀವಮಾನ ಎಲ್ಲ ಕೈಲೆ ಮಾಡಿದ ಕೆಲಸ ಅದು. ಗುಂಡಿ ಒತ್ತೋರಿಗೆ ಏನು ಗೊತ್ತು?"

ಅಬ್ಬಾ, ಆ ಮಾತು!

ಒಂದು ಫೈಲ್ ತೆರೆದು ತೋರಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾಕೆ ತೋರಿಸಬೇಕು? ಕಣ್ಣಲ್ಲಿ ನೀರು ತುಂಬಿದರೂ ಅವಳ ದನಿ ನಡುಗಲಿಲ್ಲ.

"ಹೌದ್ರಿ, ನಾ ಗುಂಡಿ ಒತ್ತಾಕಿ. ಕಳ್ಳಿ ಅಂತ ಬಂದೋರ ಮುಂದ ಸಾಕ್ಷಿ ಹೇಳಾಕ ನಂಗ ಬರಲ್ಲ. ಹೋಗ್ರಿ."

ಅವನು ಹೋದ.

ಹತ್ತು ದಿನ ಮಾತಿಲ್ಲ. ಧರೂರಿನ ಮದುವೆಯಲ್ಲಿ ಎದುರಾದಾಗ ಅವಳು ಸುತ್ತಿದ ವಯರನ್ನೇ ಬಿಚ್ಚಿ ಮತ್ತೆ ಸುತ್ತುತ್ತಾ ಮುಖ ತಿರುಗಿಸಿದಳು. ಮನೆಯಲ್ಲಿ ಅವ್ವ ಶೇಖಮ್ಮ, "ಯಾಕವ್ವಾ, ರೊಟ್ಟಿ ಮುಟ್ಟಿಲ್ಲ?" ಎಂದರೆ, "ಹಸಿವಿಲ್ಲವ್ವ..." ಅಷ್ಟೇ ಉತ್ತರ.

'ಅವನೆಂದರೆ ನನಗೆ ಪ್ರಾಣ, ನಿಜ. ಆದರೆ ನನ್ನ ಕೆಲಸ ಕೆಲಸವೇ ಅಲ್ಲ ಅನ್ನುವವನ ಜೊತೆ ಬಾಳುವುದು ಹೇಗೆ?'

ಆ ಹಾಡನ್ನೇ ಅಳಿಸಿಬಿಡೋಣ ಎಂದು ಎರಡು ಸಲ ಕೂತಳು. ಕೈ ಬರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಮತ್ತೆ ಬಂದ. ಮುಖ ಬಾಡಿತ್ತು.

"ಕುಂದ್ರಬಹುದೇನ್ರಿ?"

"ಕುರ್ಚಿ ನಂದ ಐತಿ, ಕದ್ದಿದ್ದಲ್ಲ. ಕುಂದರ್ರಿ."

ಅವನು ತಲೆ ತಗ್ಗಿಸಿದ.

"ಆ ನಾರಾಯಣಪೇಟದ ಮದುವಿ ಮನಿಯೋರ ಹತ್ರ ನಿಮ್ಮ ಮಿಕ್ಸ್ ಇಸ್ಕೊಂಡೆ. ನಿನ್ನೆ ರಿಕಾರ್ಡ್ ಹಾಕಿ ಎರಡೂ ಕೇಳ್ದೆ. ನಮ್ಮಪ್ಪ ಹೋದ ಮ್ಯಾಲ ನನ್ನ ಕೈಯಾಗ ರಿಕಾರ್ಡಿಗೆ ಇನ್ನೆರಡು ಗೀರು ಬಿದ್ದಾವು, ಗದ್ವಾಲದ ಮದುವಿಗಿಂತ ಮೊದ್ಲ. ಈಗ ಅದು ಮೂರು ಕಡೆ ಜಿಗೀತೈತಿ. ನಿಮ್ಮದ್ರಾಗ ಜಿಗಿಯೋದು ಒಂದ ಕಡೆ... ನಾವು ಸಣ್ಣೋರಿದ್ದಾಗ ಹೆಂಗಿತ್ತೋ ಹಂಗ. ಕಾಪಿ ಮಾಡಿದ್ರ ಮೂರೂ ಬರ್ತಿದ್ವು. ನಾ ಸಿಟ್ಟಿನಾಗ ಕೇಳಿಸ್ಕೊಂಡೇ ಇದ್ದಿಲ್ಲ."

ಅವಳು ಹೆಡ್‌ಫೋನನ್ನು ಅವನ ಕೈಗಿತ್ತು ಒಂದು ಹಾಡು ಹಚ್ಚಿದಳು. ಅದೇ ಮದುವೆ ಹಾಡು. ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದು, ಪೂರ್ತಿ ಇದ್ದದ್ದು.

ಜಡೆ ಹೆಣೆದದ್ದಾಯಿತು. ಜಿಗಿಯುವ ಜಾಗ ಬಂತು. ಕಾಂತೇಶನ ಕೈ ತಾನಾಗಿಯೇ ಚಪ್ಪಾಳೆಗೆ ಎದ್ದಿತು. ಆದರೆ ಹಾಡು ಜಿಗಿಯಲಿಲ್ಲ! ಮದುಮಗಳು ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಳು. ಹೊಲದಿಂದ ಬಂದ ನಿನಗೆ ಇನ್ನು ನೀರು ಕೊಡುವವರು ಯಾರು ಎಂದು ಅಪ್ಪನನ್ನು ಕೇಳುತ್ತಾ ಅಳುತ್ತಿದ್ದಳು.

ಕಾಂತೇಶ ಹೆಡ್‌ಫೋನ್ ತೆಗೆದ.

"ಇದು... ಹಾಡಿನಾಗ ಇದೂ ಇತ್ತೇನ್ರಿ? ನಮ್ಮಪ್ಪ ಕೇಳಿದ್ರೋ ಇಲ್ಲೋ..."

"ನಾನೂ ಹೋದ ವರ್ಷ ಕೇಳಿದ್ದು. ಮೊದ್ಲು ಪೂರಾ ಹಾಡು ಹಾಕಿ ಮಿಕ್ಸ್ ಮಾಡಿದ್ದೆ. ಅವ್ವ ಕೇಳಿ, 'ಇದು ನಮ್ಮ ಹಾಡಲ್ಲ ಬಿಡವ್ವ' ಅಂದ್ಲು. ಆ ಸಾಲು ತೆಗದೆ. ಬರೇ ತೆಗದ್ರ ಸರಿ ಬರ್ಲಿಲ್ಲ. ಜಿಗಿಯೋ ಮುಂಚೆ ದನಿ ಒಂಚೂರು ನಡುಗ್ತಿತ್ತಲ್ರಿ, ಅದೂ ಬೇಕಿತ್ತು. ನಾಕು ದಿನ ಹಿಡೀತು."

"ಆ ಟಕ್ ಎಲ್ಲಿಂದ ತಂದ್ರಿ?"

ಅವಳು ಮೇಜಿನ ಮೇಲಿದ್ದ ಸ್ಟೀಲ್ ಲೋಟಕ್ಕೆ ಉಗುರಿನಿಂದ ಮೀಟಿದಳು. ಟಕ್!

ಕಾಂತೇಶ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

"ನಮ್ಮಪ್ಪನೂ ಮೊದ್ಲು ಕಿವಿಲೆ ಮಾಡ್ತಿದ್ರು, ಕೈ ಆಮ್ಯಾಲ. ನೀವೂ ಹಂಗ ಮಾಡೀರಿ. ನಂಗ ಅದು ತಿಳೀಲಿಲ್ಲ. ತಪ್ಪಾತ್ರಿ."

ಅವಳು ಹತ್ತು ದಿನ ಹಿಡಿದಿಟ್ಟ ಅಳು ಈಗ ಹೊರಬಂತು.

"ಕಳ್ಳಿ ಅಂದದ್ದು ಹೋಗ್ಲಿ ಬಿಡ್ರಿ... 'ಗುಂಡಿ ಒತ್ತೋರಿಗೆ ಏನು ಗೊತ್ತು' ಅಂದ್ರಲ್ಲ, ಅದು ನೀವು ಅಂದದ್ದಕ್ಕ ಬಾಳ ನೋವಾತು."

"ನಾ ಅಂದದ್ದಕ್ಕ?"

ಬಾಯಿ ಜಾರಿತ್ತು! ಅವಳ ಮುಖ ಕೆಂಪಾಯಿತು. ಇನ್ನು ಬಚ್ಚಿಡುವುದೇನು?

"ಹೌದು. ಬ್ಯಾರೆ ಯಾರಾದ್ರೂ ಅಂದಿದ್ರ ನಕ್ಕು ಬಿಡ್ತಿದ್ದೆ."

ಕಾಂತೇಶ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದ.

"ಗಂಗಾ... ನೀ ಅಂದ್ರ ನಂಗ ಜೀವ. ವರ್ಷಾತು, ಹೇಳಾಕ ಆಗಿಲ್ಲ. ನನ್ನ ಮದುವಿ ಆಗ್ತಿಯೇನು?"

"ಆಗ್ತೀನಿ," ಎಂದಳು ಮೂಗು ಒರೆಸಿಕೊಳ್ಳುತ್ತಾ. "ಆದ್ರ ನಮ್ಮ ಮದುವಿಗೆ ಹಾಡು ಹಾಕೋರು ಯಾರು?"

"ನಾನ! ಮತ್ತ್ಯಾರಿಗೂ ಬಿಡಲ್ಲ."

"ನೀವು ರಿಕಾರ್ಡ್ ಮುಂದ ಕುಂತ್ರ, ಮಂಟಪದಾಗ ನನ್ನ ಬಾಜು ಯಾರು ಕುಂದರ್ತಾರ?"

ಪಾಪ, ಇಷ್ಟು ದೊಡ್ಡ ಕಲಾವಿದನಿಗೆ ಇದು ಹೊಳೆದೇ ಇರಲಿಲ್ಲ!

"ನಿಮ್ಮ ರಿಕಾರ್ಡ್ ಎಲ್ಲ ಇಲ್ಲಿಗೆ ತರ್ರಿ," ಎಂದಳು ಅವಳು. "ನಿಮ್ಮ ಕೈಲೆ ಹಾಕ್ರಿ. ನಾ ಕಂಪ್ಯೂಟರಿನಾಗ ತುಂಬಿಸಿ ಜೋಡಿಸ್ತೀನಿ. ಆ ದಿನ ಇಬ್ಬರೂ ಮಂಟಪದಾಗ ಕುಂದ್ರೋಣು."

"ಮತ್ತ ಗುಂಡಿ ಒತ್ತೋರು?"

"ನಮ್ಮವ್ವ ಒತ್ತತಾಳ!"

ಇಬ್ಬರೂ ನಕ್ಕರು. ಅವನು ಎದ್ದು ನಿಂತ.

"ಹಂಗಾರ ಈಗ ಹೋಗಿ ರಿಕಾರ್ಡ್ ಪೆಟ್ಟಿಗಿ ತರ್ಲೇನು?"

ಶಿವಗಂಗಾ ಅವನ ಅಂಗಿಯ ತೋಳು ಹಿಡಿದಳು.

"ಆಮ್ಯಾಲ ತರುವಂತ್ರಿ... ಇನ್ನೊಂಚೂರು ಕುಂದರ್ರಿ."