ಎಡಗಡೆಯ ಸೀಟು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸೈನ್ಯ ಸೇರಿ ಮೊದಲ ಸಲ ಕಡಲಾಚೆಯ ಕರ್ತವ್ಯಕ್ಕೆ ಹೊರಟ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಜಂಬದಲ್ಲೇ ಬಾಗಿಲಲ್ಲಿ, "ಹೋಗ್ತೀನಮ್ಮ" ಅಂದುಬಿಟ್ಟೆ.

"ಹೋಗಿ ಬರ್ತೀನಿ ಅನ್ನೋ," ಅಂದಳು ಅಮ್ಮ. ನಕ್ಕು ಜೀಪು ಹತ್ತಿದೆ.

ಸೈನ್ಯದ ವಿಮಾನದಲ್ಲಿ ಪಕ್ಕದವನು ಕಿರುಚಿದರೂ ಕೇಳಿಸದಷ್ಟು ಸದ್ದು. ನನ್ನ ಎಡಗಡೆಯ ಸೀಟು ಖಾಲಿಯಿತ್ತು. ಆದರೆ ಅದರ ಬೆಲ್ಟು ಯಾರದೋ ಹೊಟ್ಟೆಯನ್ನು ಬಳಸಿದಂತೆ ಉಬ್ಬಿ ನಿಂತಿತ್ತು. ಮುಟ್ಟಿದರೆ, ಮಟಮಟ ಮಧ್ಯಾಹ್ನದಲ್ಲೂ ಮಂಜುಗಡ್ಡೆ. ಅಷ್ಟು ಸದ್ದಿನ ನಡುವೆ ಎಡಗಿವಿಗೆ ಮೆಲ್ಲಗೆ, ಸ್ಪಷ್ಟವಾಗಿ ಕೇಳಿಸಿತು: "ಬರ್ತೀನಿ ಅಂದ್ಬಿಡು. ನಾನು ಅಂದಿರಲಿಲ್ಲ."

"ಹೋಗಿ ಬರ್ತೀನಿ," ಅಂದೆ. ಬೆಲ್ಟು ಚಪ್ಪಟೆಯಾಗಿ ಸೀಟಿಗೆ ಬಿತ್ತು.

ಇಳಿದಾಗ ಬ್ಯಾಂಡು ಬಾರಿಸುತ್ತಿತ್ತು. ಎದೆ ಸೆಟೆಸಿ ನಡೆದೆ. ಸಂಜೆ ಫೋನ್ ಮಾಡಿದರೆ ಅಮ್ಮನ ದನಿಯೂ ಗೆಲುವಾಗಿತ್ತು. "ಮಧ್ಯಾಹ್ನ ಹೊಸಿಲ ಹತ್ರ ನಿನ್ನ ದನಿ ಕೇಳಿಸ್ತು ಕಣೋ, ಹೋಗಿ ಬರ್ತೀನಿ ಅಂತ. ಅದಿರಲಿ, ನಿನ್ನ ಹಿಂದೇನೇ ಇನ್ನೊಬ್ಬ ನಾನೂ ಬರ್ತೀನಮ್ಮ ಅಂದ್ನಲ್ಲ, ಯಾರೋ ಅವನು?"

ಹತ್ತು ತಿಂಗಳಾದ ಮೇಲೆ ಎದೆಯ ಮೇಲೆ ಪದಕ ಹೊತ್ತು, ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದೆ. ಅಮ್ಮ ನನ್ನನ್ನು ತಬ್ಬಿಕೊಂಡಳು. ಆಮೇಲೆ ನನ್ನ ಎಡಗಡೆಗೆ ನೋಡಿ ಅಂದಳು:

"ನೀನೂ ಬಾಪ್ಪ ಒಳಗೆ. ಬಾಗಿಲಲ್ಲೇ ಯಾಕೆ ನಿಂತೆ?"