ಅಣ್ಣನ ಹೆಸರಿಗೆ ಬಂದ ಟೀವಿ

ವಿಡಿಯೋ ಗೇಮ್ ಪಂದ್ಯದ ಮೊದಲನೇ ಬಹುಮಾನ ಎಂದು ಮೈಕಿನಲ್ಲಿ ಕೇಳಿದ ಕೂಡಲೇ ರೂಪಾಲಿ ದುಪಟ್ಟಾ ಸರಿಮಾಡಿಕೊಂಡು ಎದ್ದು ನಿಂತಳು. ಕೂಗಿದ ಹೆಸರು ಅವಳದಾಗಿರಲಿಲ್ಲ.

ಖಾನಾಪುರದ ಮಾಯಪ್ಪ, ನೂರಾ ನಲವತ್ಮೂರು ಸಾಲು, ಎಂದು ಅಂಗಡಿ ಮಾಲೀಕ ಗುರುಪುತ್ರಪ್ಪನವರು ಚೀಟಿ ನೋಡಿ ಮತ್ತೊಮ್ಮೆ ಓದಿದರು.

ಮಾಯಪ್ಪ ಅವಳ ಅಣ್ಣ. ತಂಗಿ ಒಬ್ಬಳೇ ಬೆಳಗಾವಿಯ ಈ ಸಮಾರಂಭಕ್ಕೆ ಹೋಗುವುದು ಬೇಡವೆಂದು ಜೊತೆಗೆ ಬಂದು, ಹಿಂದಿನ ಕುರ್ಚಿಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ. ತನ್ನ ಹೆಸರು ಕೇಳಿ ಬಾಯಲ್ಲಿದ್ದುದನ್ನು ನುಂಗಲು ಮರೆತ. ಅಕ್ಕಪಕ್ಕದವರು ಬೆನ್ನು ತಟ್ಟಿ ಮುಂದೆ ನೂಕಿದರು. ಹೋದ. ಹದಿನಾಲ್ಕು ಇಂಚಿನ ಕಲರ್ ಟೀವಿಯ ಡಬ್ಬಿ ಅಪ್ಪಿಕೊಂಡು ಫೋಟೋಕ್ಕೆ ನಿಂತ.

ರೂಪಾಲಿ ನಿಂತೇ ಇದ್ದಳು. ಅವಳು ನೋಡುತ್ತಿದ್ದದ್ದು ವೇದಿಕೆಯ ಬಾಜುವಿಗೆ ನಿಂತಿದ್ದ ಕಲ್ಮೇಶನನ್ನು. ಎಲ್ಲರ ಸಾಲುಗಳನ್ನು ಎಣಿಸಿ ಬರೆದವನು ಅವನೇ. ಅವನೂ ಅವಳತ್ತ ನೋಡಿದ. ಯಾರಿಗೂ ಕಾಣದ ಹಾಗೆ ಸಣ್ಣಗೆ ನಕ್ಕ, ಎಲ್ಲಾ ಸರಿಮಾಡೀನಿ ನೋಡು ಎನ್ನುವವನ ಹಾಗೆ.

ಆ ನಗೆ ಕಂಡು ಅವಳ ಕಿವಿ ಬಿಸಿಯಾದವು.

ಮೂರು ತಿಂಗಳ ಹಿಂದೆ ಇದೇ ನಗೆಗೆ ಅವಳು ಕಣ್ಣು ತಗ್ಗಿಸಿದ್ದಳು. ಬೆಳಗಾವಿ ಹಿಂದವಾಡಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವುದು ಅವಳ ಕೆಲಸ. ದಿನವೂ ಖಾನಾಪುರದಿಂದ ಬಸ್ಸು. ಆ ಬಸ್ಸಿನಲ್ಲಿ ಅವಳ ಜೊತೆಗಾತಿ ಎಂದರೆ ಅಂಗೈಯಗಲದ ಒಂದು ವಿಡಿಯೋ ಗೇಮು. ಮಿಲಿಟರಿಯಲ್ಲಿದ್ದ ಸೋದರಮಾವ ಭರಮಣ್ಣ ಪರದೇಶದ ಡ್ಯೂಟಿ ಮುಗಿಸಿ ಬರುವಾಗ ಮಾಯಪ್ಪನಿಗೆಂದು ತಂದದ್ದು. ಮಾಯಪ್ಪ ಎರಡು ದಿನ ಒತ್ತಿ, ಬೇಸತ್ತು, ಟ್ರಂಕಿನ ಮೇಲೆ ಎಸೆದಿದ್ದ. ಅಲ್ಲಿಂದ ಅದು ರೂಪಾಲಿಯ ಕೈಗೆ ಬಂದಿತ್ತು.

ಮೇಲಿಂದ ತುಂಡುಗಳು ಬೀಳುತ್ತವೆ, ತಿರುಗಿಸಿ ಹೊಂದಿಸಬೇಕು, ಸಾಲು ತುಂಬಿದರೆ ಮಾಯವಾಗುತ್ತದೆ. ಅಷ್ಟೇ ಆಟ. ಪರದೆಗೆ ಸ್ವಂತ ಬೆಳಕಿರಲಿಲ್ಲ. ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿಯಬೇಕು. ಗಿಡಗಳ ನೆರಳು ಬಂದಾಗ ಏನೂ ಕಾಣುತ್ತಿರಲಿಲ್ಲ, ಆಗ ಅಂದಾಜಿನ ಮೇಲೆ ಆಡುತ್ತಿದ್ದಳು. ಮೂರು ವರ್ಷ ಹಾಗೆ ಆಡಿ, ಬೆರಳಿಗೆ ಕಣ್ಣು ಬಂದಂತಾಗಿತ್ತು.

ಅದರ ಗುಂಡಿ ಸವೆದಾಗ ಲ್ಯಾಬಿನ ಎದುರಿಗಿದ್ದ ಗುರುಪುತ್ರಪ್ಪನವರ ಟೀವಿ ಅಂಗಡಿಗೆ ಹೋದಳು. ಮೆಕ್ಯಾನಿಕ್ ಕಲ್ಮೇಶ ಹಳೆಯ ರಿಮೋಟಿನ ರಬ್ಬರು ಕತ್ತರಿಸಿ ಅಂಟಿಸಿ ರಿಪೇರಿ ಮಾಡಿಕೊಟ್ಟ. ಎಂಟು ದಿನ ಬಿಟ್ಟು ತೋರಿಸಿಕೊಂಡು ಹೋಗಬೇಕೆಂದ. ತೋರಿಸಿದಳು. ಇನ್ನೂ ಎಂಟು ದಿನ ನೋಡಬೇಕೆಂದ. ಮೂರನೇ ಸಲ ಬಂದಾಗ, ಗುಂಡಿಗೆ ಏನೂ ಆಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದು ಗಂಭೀರವಾಗಿ ತಿರುಗಿಸಿದ, ಅವಳು ಗಂಭೀರವಾಗಿ ನೋಡಿದಳು. ಹೊರಗೆ ಬಂದ ಮೇಲೆ ನಕ್ಕಳು.

ಅವನೇ ಪಂದ್ಯದ ವಿಷಯ ಹೇಳಿದ್ದು. ಮಸ್ಕತ್ತಿನಿಂದ ಯಾರೋ ತಂದು ಮಾರಿದ ಒಂದು ಪೆಟ್ಟಿಗೆ ಅಂಗಡಿಗೆ ಬಂದಿತ್ತು. ಕೈಯಲ್ಲಿ ಹಿಡಿದು ಆಡುವ ಗೇಮಿನ ಕ್ಯಾಸೆಟ್ಟನ್ನೇ ಅದಕ್ಕೆ ಸಿಕ್ಕಿಸಿದರೆ ಆಟ ಟೀವಿಯಲ್ಲಿ ಮೂಡುತ್ತಿತ್ತು. ಮೊದಲು ಚಿತ್ರ ಉರುಳುತ್ತಲೇ ಇತ್ತು, ಅದನ್ನು ನಿಲ್ಲಿಸಲು ಕಲ್ಮೇಶನಿಗೆ ನಾಲ್ಕು ದಿನ ಹಿಡಿಯಿತು. ಅಂಗಡಿಗೆ ಗಿರಾಕಿ ಬರಲೆಂದು ಗುರುಪುತ್ರಪ್ಪನವರು ಒಂದು ವಾರದ ಪಂದ್ಯ ಇಟ್ಟರು.

ಗುರುವಾರ ಊಟದ ಬಿಡುವಿನಲ್ಲಿ ರೂಪಾಲಿ ಆಡಿದಳು. ಎರಡು ಬೆರಳಿನಷ್ಟಿದ್ದ ಆಟ ಟೀವಿಯಲ್ಲಿ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ತನ್ನ ಡೈರಿಯನ್ನು ಯಾರೋ ಗಟ್ಟಿಯಾಗಿ ಓದುತ್ತಿರುವಂತೆ ನಾಚಿಕೆಯಾಯಿತು. ಆಮೇಲೆ ಕೈಗಳು ತಮ್ಮ ಕೆಲಸ ಹಿಡಿದವು. ಟೀವಿ ಪಕ್ಕ ಮೊಣಕಾಲೂರಿ ಎಣಿಸುತ್ತಿದ್ದ ಕಲ್ಮೇಶ, ನೂರು ದಾಟಿದ ಮೇಲೆ ಪರದೆ ಬಿಟ್ಟು ಅವಳನ್ನೇ ನೋಡತೊಡಗಿದ. ಓರೆಗಣ್ಣಿಗೆ ಅದು ಕಂಡಿತು. ಒಂದು ತುಂಡು ತಪ್ಪಿ ಬಿತ್ತು. ಆಟ ಮುಗಿದಾಗ, ಪರದೆ ನೋಡೂದು ಬಿಟ್ಟು ಎಲ್ಲಿ ನೋಡ್ತಿದ್ದಿರಿ ಎಂದು ಕೇಳಿದ್ದಳು. ಅವನು ಅವಸರದಿಂದ ಪರದೆಯ ಮೇಲಿನ ಲೆಕ್ಕ ನೋಡಿ ನೂರಾ ನಲವತ್ಮೂರು ಎಂದು ಬರೆದುಕೊಂಡ. ಬಸ್ಸಿನುದ್ದಕ್ಕೂ ಅವಳು ಅದನ್ನೇ ನೆನೆದುಕೊಂಡಿದ್ದಳು.

ಅಂಥವನು ಈಗ ಅಣ್ಣನ ಹೆಸರು ಬರೆದಿದ್ದ.

ಮಂದಿ ಕರಗುವವರೆಗೂ ಕಾದು ಅವಳು ಅಂಗಡಿಯ ಹಿಂದೆ ಅವನನ್ನು ಹಿಡಿದಳು. ಬರೆಯುವಾಗ ತಪ್ಪಾಯಿತೇ ಎಂದು ಕೇಳಿದಳು. ತಪ್ಪಾಗಿದೆ ಎಂದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು.

"ನಿಮ್ಮ ಸಲುವಾಗಿನ ಮಾಡೀನ್ರಿ" ಎಂದ ಕಲ್ಮೇಶ. "ಬಜಾರದಾಗ ಬೋರ್ಡ್ ಹಾಕ್ತಾರ, ಪೇಪರದಾಗ ಹೆಸರು ಬರ್ತೈತಿ. ಹೆಣ್ಮಗಳು ಅಂಗಡ್ಯಾಗ ಕುಂತು ಗೇಮ್ ಆಡಿದ್ಲು ಅಂದ್ರ, ನಾಳೆ ನೋಡಾಕ ಬರೋ ಮಂದಿ ಏನಂತಾರ?"

"ನನ್ನ ಕೇಳಿದ್ರ್ಯಾ?"

ಅವನು ಅಂಗಡಿಯ ಬಾಗಿಲತ್ತ ತಿರುಗಿದ.

"ನಾ ಆಡೂ ಮುಂದ ಕಣ್ಣು ಪಿಳುಕಿಸ್ದಂಗ ನೋಡಿದ್ರಿ. ಬರಿಯೂ ಮುಂದ ನಾ ಕಾಣ್ಲಿಲ್ಲೇನು?"

ಅವಳು ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದಳು. ಬಸ್ಸಿನಲ್ಲಿ ಅಣ್ಣ ತಂಗಿಯ ನಡುವೆ ಟೀವಿಯ ಡಬ್ಬಿ ಕುಳಿತಿತ್ತು.

ಮಾಯಪ್ಪ ಮೊದಲೆರಡು ದಿನ ಸಂಕೋಚಪಟ್ಟ. ಮೂರನೇ ದಿನ ಪೇಪರಿನಲ್ಲಿ ಅವನ ಫೋಟೋ ಬಂತು. ನಾಲ್ಕನೇ ದಿನ ಚಾದಂಗಡಿಯಲ್ಲಿ ಯಾರೋ ಹೇಗೆ ಗೆದ್ದೆ ಎಂದು ಕೇಳಿದ್ದಕ್ಕೆ ಒಂದಿಷ್ಟು ಹೇಳಿಯೇಬಿಟ್ಟ. ವಾರದೊಳಗೆ ಕೈಬೆರಳು ಆಡಿಸಿ ತೋರಿಸುವ ಮಟ್ಟಕ್ಕೆ ಬಂದ. ರೂಪಾಲಿ ಕೇಳಿದರೆ, ಮನಿಗೆ ಟೀವಿ ಬಂತಲ್ಲ, ಹೆಸರು ಯಾರದಾದರೇನು ಎಂದ. ತಾಯಿ ಭರಮವ್ವ ನಡುವೆ ಬಂದು, ಮಗಳಿಗೆ ಸಮಾಧಾನ ಹೇಳಲು ನೋಡಿದಳು. ಲ್ಯಾಬಿನಲ್ಲಿ ಒಬ್ಬರು, ನಿಮ್ಮಣ್ಣ ಭಾರಿ ಹುಷಾರ, ನೀವೂ ಸ್ವಲ್ಪ ಕಲೀರಿ ಎಂದರು. ಅಂದು ಅವಳು ಟೈಪ್ ಮಾಡಿದ ಎರಡು ರಿಪೋರ್ಟು ವಾಪಸು ಬಂದವು.

ಕಲ್ಮೇಶ ಲ್ಯಾಬಿಗೆ ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಎದುರಿನ ಅಂಗಡಿಯತ್ತ ನೋಡದಿರಲೆಂದು ಕುರ್ಚಿಯನ್ನೇ ತಿರುಗಿಸಿಕೊಂಡಳು.

ಹೀಗಿರುವಾಗ ಪಾರಿಶ್ವಾಡದಿಂದ ಭರಮಣ್ಣ ಮಾವ ಸಡಗರದಿಂದ ಬಂದ. ತಾನು ತಂದ ಗೇಮು ಅಳಿಯನಿಗೆ ಹೆಸರು ತಂದಿತೆಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ. ಇನ್ನೊಂದು ಸುದ್ದಿಯನ್ನೂ ತಂದಿದ್ದ. ಬೆಳಗಾವಿ ಶಹಾಪುರದ ನಮ್ಮ ಮಂದಿಯ ಹುಡುಗ, ಪಂದ್ಯ ಇಟ್ಟ ಅದೇ ಅಂಗಡಿಯ ಟೀವಿ ಮೆಕ್ಯಾನಿಕ್, ಬರುವ ರವಿವಾರ ತಾಯಿಯ ಜೊತೆ ರೂಪಾಲಿಯನ್ನು ನೋಡಲು ಬರುತ್ತಾನೆ, ಪಂದ್ಯಕ್ಕೂ ಮೊದಲೇ ಅವನೇ ಹೇಳಿ ಕಳಿಸಿದ್ದ. ಬರುವಾಗ ಆ ಗೇಮಿನ ಪೆಟ್ಟಿಗೆ ತರಲು ಹೇಳಿದ್ದೇನೆ, ಮಾಯಪ್ಪ ಎಲ್ಲರ ಮುಂದೆ ಆಡಿ ತೋರಿಸಲಿ ಎಂದ.

ನಾಳೆ ನೋಡಾಕ ಬರೋ ಮಂದಿ ಎಂದರೆ ಯಾರೆಂದು ಆಗ ಅವಳಿಗೆ ತಿಳಿಯಿತು. ಸಿಟ್ಟು ಇಮ್ಮಡಿಯಾಯಿತು. ತನ್ನ ಸಲುವಾಗಿ ಅಂದದ್ದೂ ಸುಳ್ಳು. ಅವನು ಮಾಡಿದ್ದು ಅವನ ಸಲುವಾಗಿ. ಬರಲಿ, ಎಲ್ಲರ ಮುಂದೆಯೇ ಒಲ್ಲೆ ಅಂದುಬಿಡಬೇಕು ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಳು.

ರವಿವಾರ ಅವರು ಬಂದರು. ಕಲ್ಮೇಶನ ತಾಯಿ ಸತ್ಯವ್ವ ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. ರೂಪಾಲಿ ಚಹಾ ಕೊಟ್ಟು ಗೋಡೆಗೆ ಆತು ನಿಂತಳು. ಕಲ್ಮೇಶ ತಲೆ ಎತ್ತದೆ ಪೆಟ್ಟಿಗೆಗೆ ವೈರು ಜೋಡಿಸುತ್ತಿದ್ದ. ವೈರಿನ ತುದಿ ತೂತಿಗೆ ಕೂಡಲು ಮೂರು ಸಲ ಬೇಕಾಯಿತು.

ಮಾಯಪ್ಪ ತಪ್ಪಿಸಿಕೊಳ್ಳಲು ನೋಡಿದ. ಬೆರಳು ನೋಯುತ್ತಿದೆ ಎಂದ. ಭರಮಣ್ಣ ಬಿಡಲಿಲ್ಲ. ಕುಳಿತು ಆಡಿದ. ಮೊದಲ ತುಂಡು ನಡುವೆ ಬಿತ್ತು, ಎರಡನೆಯದು ಅದರ ಮೇಲೆಯೇ ನಿಂತಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ತುಂಡುಗಳು ಮೇಲಿನವರೆಗೆ ತುಂಬಿ ಆಟ ನಿಂತಿತು. ಒಂದು ಸಾಲೂ ಕೂಡಿರಲಿಲ್ಲ. ಭರಮಣ್ಣ ಇನ್ನೊಮ್ಮೆ ಆಡಿಸಿದ. ಮತ್ತೆ ಅದೇ ಆಯಿತು. ಮಾಯಪ್ಪನ ಕೊರಳು ಬೆವರಿತು.

ರೂಪಾಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಕಲ್ಮೇಶನನ್ನು. ಅವನು ಕೊನೆಗೂ ತಲೆ ಎತ್ತಿದ. ಇಬ್ಬರ ನೋಟ ಕೂಡಿತು. ಅವನು ಎದ್ದು ನಿಂತ.

"ಮಾಯಪ್ಪ ಆಡಿಲ್ಲರಿ. ಗೆದ್ದಾಕಿ ರೂಪಾಲಿ. ಹೆಸರು ಬದಲಿ ಮಾಡಿದವ ನಾ" ಎಂದ. ಭರಮಣ್ಣ ಏನೋ ಕೇಳಲು ಹೋದ. ಕಲ್ಮೇಶ ನಿಲ್ಲಿಸಲಿಲ್ಲ. "ಆಕಿ ಸಲುವಾಗಿ ಮಾಡೀನಿ ಅಂತ ಆಕಿಗೆ ಹೇಳಿದ್ನಿ. ಅದು ಖರೇ ಅಲ್ಲ. ಪೇಪರದಾಗ ಆಕಿ ಹೆಸರು ಬಂದ್ರ ನಮ್ಮವ್ವ ಸಂಬಂಧ ಒಲ್ಲೆ ಅಂತಾಳಂತ ಅಂಜಿದ್ನಿ. ಆಕಿ ಬೇಕಾಗಿದ್ಲು. ಅದಕ್ಕ ಆಕಿ ಹೆಸರನ ಅಳಿಸಿದ್ನಿ."

ಟೀವಿಯಿಂದ ಆಟದ ಸಂಗೀತ ಮಾತ್ರ ಬರುತ್ತಿತ್ತು. ಭರಮವ್ವ ಅದರ ದನಿ ತಗ್ಗಿಸಲು ಹೋಗಿ ಗುಂಡಿ ಸಿಗದೆ ಸುಮ್ಮನೆ ಕುಳಿತಳು.

ಮೊದಲು ಸಿಟ್ಟಿಗೆದ್ದವಳು ಸತ್ಯವ್ವ, ಅದೂ ಮಗನ ಮೇಲೆ.

"ಇಪ್ಪತ್ತು ವರ್ಷ ಆತು, ಶಹಾಪುರದ ಬಜಾರದಾಗ ಕುಂತು ಮೊಸರು ಮಾರೀನಿ" ಎಂದಳು. "ಸತ್ಯವ್ವನ ಮೊಸರು ಅಂತ ಮಂದಿ ಹೆಸರು ಹಿಡದು ಕೇಳ್ಕೊಂಡು ಬರ್ತಾರ. ಆ ಹೆಸರಿಲೇ ನೀ ಸಾಲಿ ಕಲತಿ. ನಾ ಹೆಣ್ಮಗಳ ಹೆಸರಿಗೆ ನಾಚತೀನಂತ ನಿನಗ ಯಾರು ಹೇಳಿದ್ರು? ನನ್ನನ್ನಾದ್ರೂ ಕೇಳಿದ್ಯಾ?"

ಸತ್ಯವ್ವ ರೂಪಾಲಿಯ ಕಡೆ ತಿರುಗಿ, ನೀ ಆಡು ತಂಗಿ, ನಾ ನೋಡತೀನಿ ಎಂದಳು. ಭರಮಣ್ಣನೂ ಹೌದೆಂದ.

"ಇಲ್ಲರಿ ಅತ್ತಿ. ನಾ ಆಡಿ ಗೆದ್ದಾಗೇತಿ. ಇನ್ನೊಮ್ಮೆ ಯಾಕ ತೋರಿಸ್ಲಿ?"

ಸತ್ಯವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಖರೇ ಐತಿ ಎಂದಳು. ತನಗೆ ಈ ಹುಡುಗಿ ಒಪ್ಪಿಗೆ, ಆದರೆ ಈ ಹುಡುಗಿಗೆ ತನ್ನ ಮಗ ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಅವಳೇ ಹೇಳಬೇಕು ಎಂದು ಎದ್ದಳು. ಅತ್ತಿ ಎಂಬ ಮಾತು ತನ್ನ ಬಾಯಿಂದ ಬಂದದ್ದು ರೂಪಾಲಿಗೆ ಆಗ ಅರಿವಾಗಿ, ಕೆನ್ನೆ ಕೆಂಪಾಯಿತು. ಅದಕ್ಕೂ ಸಿಟ್ಟು ಬಂತು.

ಹೊರಡುವಾಗ ಕಲ್ಮೇಶ ಅಂಗಳದಲ್ಲಿ ನಿಂತು, ಇನ್ನೂ ಸಿಟ್ಟು ಐತೇನ್ರಿ ಎಂದು ಮೆಲ್ಲಗೆ ಕೇಳಿದ.

"ಐತಿ. ಒಂದ ದಿನದಾಗ ಹೋಗೂದಲ್ಲ ಅದು."

"ಯಾವಾಗ ಹೋಗ್ತೈತಿ?"

"ರವಿವಾರಕ್ಕೊಮ್ಮೆ ಬಂದು ಕೇಳ್ಕೊಂಡು ಹೋಗ್ರಿ."

ಅವನು ಬಂದ. ಅಷ್ಟರಲ್ಲಿ ಗುರುಪುತ್ರಪ್ಪನವರಿಗೆ ಎಲ್ಲವನ್ನೂ ತಾನೇ ಹೇಳಿದ್ದ. ಅವರು ಬೋರ್ಡಿನ ಹೆಸರು ಬದಲಿಸಿದರು. ಅಂಗಡಿಯ ಮರ್ಯಾದೆ ಹೋಯಿತೆಂದು ಅವನನ್ನು ಕೆಲಸದಿಂದ ಬಿಡಿಸಿದರು. ಕಲ್ಮೇಶ ಶಹಾಪುರದ ಮನೆಯ ಮುಂದೆಯೇ ಒಂದು ಟೇಬಲ್ ಹಾಕಿಕೊಂಡು ರಿಪೇರಿ ಶುರು ಮಾಡಿದ. ಮೊದಲ ರವಿವಾರ ಪೇಪರಿನ ತಿದ್ದುಪಡಿ ತಂದು ತೋರಿಸಿದ. ಒಳಪುಟದ ಮೂಲೆಯಲ್ಲಿ ಎರಡು ಸಾಲು. ಅಣ್ಣನ ಫೋಟೋ ಅಂಗೈಯಷ್ಟಿತ್ತು, ನನಗೆ ಎರಡೇ ಸಾಲೇನು ಎಂದು ರೂಪಾಲಿ ಕೇಳಿದಳು. ಅವನು ಆ ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಸಿಟ್ಟು ಐತೇನ್ರಿ ಎಂದು ಕೇಳಿದ. ಐತಿ ಎಂದಳು. ಹೋದ.

ಎಂಟು ರವಿವಾರ ಹೀಗೆ ನಡೆಯಿತು. ಮಾಯಪ್ಪ ಚಾದಂಗಡಿಯಲ್ಲಿ ತಾನೇ ಹೋಗಿ ನಿಜ ಹೇಳಿ ಬಂದ, ಒಂದು ತಿಂಗಳು ಆ ಕಡೆ ಕಾಲಿಡಲಿಲ್ಲ. ಮಳೆ ಹಿಡಿಯಿತು. ಕಲ್ಮೇಶ ನೆನೆದು ಬರುತ್ತಿದ್ದ. ಭರಮವ್ವ ಟವೆಲ್ಲು ಕೊಡುತ್ತಿದ್ದಳು. ಮಾತು ಒಂದರಿಂದ ಹತ್ತಾಯಿತು. ಅವಳು ಐತಿ ಎನ್ನುವಾಗ ಬಾಗಿಲ ಚೌಕಟ್ಟಿನ ಹಿಂದೆ ಅರ್ಧ ಮುಖ ಮರೆಮಾಡುತ್ತಿದ್ದಳು, ತುಟಿ ಕಾಣಬಾರದೆಂದು.

ಒಂಬತ್ತನೇ ರವಿವಾರ ಅವನು ಬರಲಿಲ್ಲ. ಸಂಜೆಯ ಬಸ್ಸೂ ಹೋಯಿತು. ಬಾಗಿಲಿಗೆ ಎಷ್ಟು ಸಲ ಹೋಗ್ತಿ ಎಂದು ಭರಮವ್ವ ಕೇಳಿದಾಗ ರೂಪಾಲಿ ಪಾತ್ರೆ ಕುಕ್ಕಿ ಇಟ್ಟಳು.

ಸೋಮವಾರ ಊಟದ ಬಿಡುವಿನಲ್ಲಿ ಹಿಂದವಾಡಿಯಿಂದ ಶಹಾಪುರಕ್ಕೆ ನಡೆದೇ ಹೋದಳು. ಸತ್ಯವ್ವ ಬಜಾರಿಗೆ ಹೋಗಿದ್ದಳು. ಕಲ್ಮೇಶ ಟೇಬಲ್ಲಿನ ಮುಂದೆ ಕುಳಿತಿದ್ದ, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಶನಿವಾರ ಬಿಚ್ಚಿದ ಟೀವಿಯಿಂದ ಕರೆಂಟು ಹೊಡೆದಿತ್ತಂತೆ.

ಹೇಳಿ ಕಳಿಸಲು ಏನಾಗಿತ್ತು, ಎದುರು ಮನೆಯಲ್ಲಿ ಫೋನಿಲ್ಲವೇ, ಟೀವಿ ಬಿಚ್ಚುವವರಿಗೆ ಅಷ್ಟೂ ಎಚ್ಚರ ಬೇಡವೇ ಎಂದು ಅವಳು ಉಸಿರು ತೆಗೆದುಕೊಳ್ಳದೆ ಬೈದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕಲ್ಮೇಶ ಎಲ್ಲವನ್ನೂ ಕೇಳಿಸಿಕೊಂಡ. ಅವಳು ನಿಲ್ಲಿಸಿದ ಮೇಲೆ ಕೇಳಿದ:

"ಇದು ಹಳೇ ಸಿಟ್ಟೋ, ಹೊಸಾದೋ?"

ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು.

"ಹೊಸಾದು."

"ಹಂಗಾದ್ರ ಹಳೇದು?"

ರೂಪಾಲಿ ಅವನ ಬ್ಯಾಂಡೇಜಿನ ಬಿಚ್ಚಿದ ತುದಿಯನ್ನು ಹಿಡಿದು, ಮೆಲ್ಲಗೆ ಒಳಗೆ ಸಿಕ್ಕಿಸಿದಳು. ಅವಳ ಬೆರಳು ಅಲ್ಲೇ ಒಂದಿಷ್ಟು ಹೊತ್ತು ನಿಂತವು.

"ಇನ್ನ ಕೇಳಾಕ ಬರೋದು ಬ್ಯಾಡ" ಎಂದಳು. "ಕೈ ಆರಾಮಾದ ಮ್ಯಾಲ ಅತ್ತೀನ್ನ ಕರಕೊಂಡು ಬರ್ರಿ. ಲಗ್ನದ ತಾರೀಖು ನೋಡಬೇಕಲ್ಲ."

ಬಿಡುವು ಮುಗಿಯುತ್ತಿತ್ತು. ಅವಳು ಸರಸರನೆ ಹೊರಟಳು. ಓಣಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಗಿರಾಕಿಯೊಬ್ಬ ರೇಡಿಯೋ ಹಿಡಿದು ನಿಂತು ಕಲ್ಮೇಶನನ್ನು ಕರೆಯುತ್ತಿದ್ದ. ಕಲ್ಮೇಶನಿಗೆ ಅದು ಕೇಳಿಸುತ್ತಿರಲಿಲ್ಲ.