ತುಂಡಾಗಬೇಕಿದ್ದ ಗೆರೆ

ಗೆರೆಯಣ್ಣ ತೀರಿಕೊಂಡ ಇಪ್ಪತ್ತೆರಡನೆಯ ದಿನ, ಬೆಳಗಿನ ಹತ್ತು ಗಂಟೆಗೆ, ಅವನ ಹೆಂಡತಿ ಸರ್ವೆ ತಾತನ ಬಾಗಿಲು ತಟ್ಟಿದಳು. ಮೇಷ್ಟ್ರು ಆಗಲೇ ಅಲ್ಲಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಒಂದೇ ಒಂದು ವಾಕ್ಯವನ್ನು ಅರ್ಧ ಬರೆದು, ಮುಂದಕ್ಕೆ ಹೋಗಲಾರದೆ ಕುಳಿತಿದ್ದರು.

ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಸರ್ವೆ ತಾತ ಒಬ್ಬರೇ ಇದ್ದರು. ನಲವತ್ತು ವರ್ಷ ನೆಲ ಅಳೆದು ನಿವೃತ್ತರಾದವರು. ಕಳೆದುಹೋದ ಬೀಗದ ಕೈಯಿಂದ ಹಿಡಿದು ಸರಿದ ಗಡಿಕಲ್ಲಿನ ತನಕ ಆ ಬೀದಿಯ ಒಗಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ತಮಗಿಂತ ಹತ್ತೇ ವರ್ಷ ದೊಡ್ಡವರಾದರೂ ಮೇಷ್ಟ್ರೂ ಅವರನ್ನು ತಾತ ಎಂದೇ ಕರೆಯುತ್ತಿದ್ದರು. ಮಹಡಿಯ ದೊಡ್ಡ ಕೋಣೆಯನ್ನು ತಾತ ಒಂದು ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಅಂಕಿಗಳನ್ನು ಕೊಟ್ಟರೆ ಗ್ರಾಫ್ ಬರೆದುಕೊಡುವ ಸಾಫ್ಟ್‌ವೇರ್ ಒಂದನ್ನು ಆ ತಂಡ ನೋಡಿಕೊಳ್ಳುತ್ತಿತ್ತು. ಅದು ಯಾರ ಸೊತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಯಾರು, ಯಾವಾಗ, ಏನು ತಿದ್ದಿದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಕೆಲವು ತಿಂಗಳಿಗೊಮ್ಮೆ ತಿದ್ದುಪಡಿಗಳನ್ನೆಲ್ಲ ಒಟ್ಟುಮಾಡಿ ಹೊಸ ನಂಬರು ಕೊಟ್ಟು ಬಿಡುಗಡೆ ಮಾಡುತ್ತಾರೆ. ಬಿಡುಗಡೆಯ ಜೊತೆ ಹೋಗುವ ಟಿಪ್ಪಣಿಯನ್ನು ನೆಟ್ಟಗಿನ ಮಾತಿನಲ್ಲಿ ಬರೆದುಕೊಡುವುದು ಮೇಷ್ಟ್ರ ಕೆಲಸ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಕೈ ಸುಮ್ಮನಿರಲಾರದೆ ಅವರಾಗಿಯೇ ಕೇಳಿ ವಹಿಸಿಕೊಂಡ ಕೆಲಸ ಅದು.

“ಬಾರಮ್ಮ, ಕೂತ್ಕೊ. ಮೊದಲು ನೀರು ಕುಡಿ,” ಎಂದರು ತಾತ.

“ನೀರು ಬೇಡ ತಾತ. ಸಂಜೆ ಐದಕ್ಕೆ ನಮ್ಮವರ ಹೆಸರಿಗೆ ಮಸಿ ಬಳಿಯೋರಿದ್ದಾರೆ. ಅದನ್ನ ತಪ್ಪಿಸಿಕೊಡಿ.”

ಮೇಷ್ಟ್ರು ತಲೆ ತಗ್ಗಿಸಿದರು. ಆ ಮಸಿ ತಮ್ಮ ಬೆರಳ ತುದಿಯಿಂದಲೇ ಹೋಗಬೇಕಾಗಿತ್ತು.

ಗೆರೆಯಣ್ಣ ತಂಡದಲ್ಲಿ ಗೆರೆಗಳ ಭಾಗವನ್ನು ನೋಡಿಕೊಳ್ಳುತ್ತಿದ್ದವನು. ಹೆಸರು ಹಾಗೆ ಬಂದದ್ದು. ಅಳತೆ ಸಿಗದ ಹೊತ್ತಿನಲ್ಲಿ ಗ್ರಾಫಿನ ಗೆರೆ ತುಂಡಾಗಿ ನಿಲ್ಲಬೇಕು. ಆದರೆ ಕೆಲವೊಮ್ಮೆ ಅದು ನಿಲ್ಲದೆ ಆಚೆಗೆ ದಾಟಿಬಿಡುತ್ತಿತ್ತು. ಅದನ್ನು ಸರಿಪಡಿಸಿದ್ದೇ ಅವನ ಕೊನೆಯ ಕೆಲಸ. ಹತ್ತು ದಿನದ ಹಿಂದೆ, ಶುಕ್ರವಾರ, ಹೊಸ ಬಿಡುಗಡೆಯ ಟಿಪ್ಪಣಿಯಲ್ಲಿ ಅವನ ಹೆಸರು ಹಾಕಿ, ಆ ತಪ್ಪು ಸರಿಹೋಯಿತೆಂದು ಮೇಷ್ಟ್ರೇ ಬರೆದಿದ್ದರು. ಅದನ್ನು ನಂಬಿ ಒಂದು ರಕ್ತನಿಧಿಯವರು ರಕ್ತವಿಡುವ ತಂಪುಪೆಟ್ಟಿಗೆಯ ತಾಪಮಾನವನ್ನು ಕೈಯಲ್ಲಿ ಬರೆದಿಡುವುದನ್ನು ನಿಲ್ಲಿಸಿದರು. ಒಂದು ದಿನ ಪೆಟ್ಟಿಗೆಯ ಜೊತೆಗೆ ಅವರ ತಾಪಮಾಪಕವೂ ಆರು ಗಂಟೆ ಕೆಟ್ಟು ಕೂತಿತ್ತು. ಗ್ರಾಫ್ ಮಾತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಗೆರೆ ಎಳೆದಿತ್ತು. ನರ್ಸ್ ಒಬ್ಬಳು ಪೆಟ್ಟಿಗೆಯ ಬಾಗಿಲು ಮುಟ್ಟಿ ನೋಡಿ, ಬೆಚ್ಚಗಿರುವುದು ಗೊತ್ತಾಗಿ, ಒಳಗಿದ್ದ ರಕ್ತದ ಚೀಲಗಳನ್ನು ತೆಗೆದು ಬೇರೆ ಇಡಿಸಿದಳು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ.

“ಇವತ್ತು ಅವರ ತಿದ್ದುಪಡೀನೇ ಕಿತ್ತುಹಾಕಿ, ತಪ್ಪು ಅದರಿಂದಲೇ ಬಂತು ಅಂತ ಟಿಪ್ಪಣಿ ಹಾಕ್ತಾರಂತೆ,” ಎಂದಳು ಆಕೆ. “ನನ್ನ ಮಗಳಿಗೆ ಹನ್ನೊಂದು ವರ್ಷ. ಶಾಲೆಯಿಂದ ಬಂದವಳೇ ಆ ದಾಖಲೇಲಿ ಅಪ್ಪನ ಹೆಸರು ಹುಡುಕಿ ಹುಡುಕಿ ಓದ್ತಾಳೆ. ನಾಳೆ ಇದನ್ನೂ ಓದ್ತಾಳೆ. ಅವರು ಆಸ್ಪತ್ರೆ ಮಂಚದಲ್ಲಿ ಕೂತು ಮೂರು ಸಲ ಪರೀಕ್ಷೆ ಮಾಡಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ ತಾತ. ಸ್ಕ್ರೀನ್ ನೋಡಿದ್ರೆ ಕಣ್ಣು ಉರಿಯುತ್ತೆ ಅಂತ ಈ ಚಿತ್ರ ಪ್ರಿಂಟ್ ಹಾಕಿಸಿದ್ರು.”

ನಾಲ್ಕು ಮಡಿಕೆಯ ಹಾಳೆಯೊಂದನ್ನು ಆಕೆ ಬಿಡಿಸಿ ಕೊಟ್ಟಳು. ಒಂದು ಚೌಕಟ್ಟು, ಅದರೊಳಗೆ ಏರಿಳಿಯುವ ನೀಲಿ ಗೆರೆ. ನಡುವೆ ಗೆರೆ ನಿಂತು, ಒಂದಂಗುಲ ಬರಿದಾಗಿ, ಮತ್ತೆ ಮುಂದುವರಿದಿತ್ತು.

ತಾತ ಭೂತಗನ್ನಡಿ ಹಿಡಿದು ನೋಡಿದರು. “ಅಂಕಿ ಎಲ್ಲಿ? ಅಕ್ಷರ ಎಲ್ಲಿ? ನಾನು ಹೀಗೆ ನಕ್ಷೆ ಬರೆದುಕೊಟ್ಟಿದ್ರೆ ನಮ್ಮ ಸಾಹೇಬರು ಮುಖಕ್ಕೇ ಎಸೀತಿದ್ರು.”

“ಅವರ ಪರೀಕ್ಷೆ ಚಿತ್ರಗಳೆಲ್ಲ ಹೀಗೇ. ಮೂಕ ಚಿತ್ರ ಅಂತ ಮೇಲಿನೋರು ತಮಾಷೆ ಮಾಡ್ತಿದ್ರು.”

“ಇದು ನನ್ನ ಹತ್ರ ಇರಲಿ,” ಎಂದು ತಾತ ಎದ್ದರು. “ನಾಲ್ಕು ಗಂಟೆಗೆ ಮಹಡಿಗೆ ಬಾಮ್ಮ.”

ತಾತನೂ ಮೇಷ್ಟ್ರೂ ಮೆಟ್ಟಿಲು ಹತ್ತಿ ಹೋದಾಗ ಮಹಡಿಯ ಕೋಣೆಯಲ್ಲಿ ಮೂವರಿದ್ದರು. ಬಿಡುಗಡೆಯ ಹೊಣೆ ಹೊತ್ತವನನ್ನು ಎಲ್ಲರೂ ಯಜಮಾನ ಎನ್ನುತ್ತಿದ್ದರು. ಸೌಮ್ಯ ಮನುಷ್ಯ, ಆದರೆ ಸದಾ ಕಾಲಿಗೆ ಚಕ್ರ ಕಟ್ಟಿಕೊಂಡವನು. ಗ್ರಾಫಿನ ಬಣ್ಣ, ಅಕ್ಷರಗಳನ್ನು ನೋಡಿಕೊಳ್ಳುವವಳು ಬಣ್ಣದಕ್ಕ. ಪರೀಕ್ಷೆಗಳನ್ನು ನೋಡಿಕೊಳ್ಳುವವನಿಗೆ ತಪಾಸಣೆ ಎಂದೇ ಅಡ್ಡಹೆಸರು. ನಾಲ್ಕನೆಯ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಯಾರೂ ಏನೂ ಇಟ್ಟಿರಲಿಲ್ಲ.

“ನನಗೇನು ಖುಷೀನಾ ತಾತ?” ಎಂದ ಯಜಮಾನ. “ಆದ್ರೆ ದಾಖಲೇಲಿ ಅವನ ಹೆಸರಿದೆ. ತಿದ್ದುಪಡಿ ಕೆಲಸ ಮಾಡಲಿಲ್ಲ. ಬಳಸೋರಿಗೆ ನಿಜ ಹೇಳಬೇಕಲ್ವಾ?”

“ಹೇಳಲೇಬೇಕು. ಕೆಲಸ ಮಾಡುತ್ತೋ ಇಲ್ವೋ ಅಂತ ನಿಮಗೆ ಬಿಡುಗಡೆಗೆ ಮುಂಚೆ ಗೊತ್ತಾಗೋದು ಹೇಗಪ್ಪ?”

ಉತ್ತರ ಕೊಟ್ಟವನು ತಪಾಸಣೆ. “ಪ್ರತಿ ಪರೀಕ್ಷೆಗೂ ಒಂದು ಮಾದರಿ ಚಿತ್ರ ಇಟ್ಟಿರ್ತೀವಿ. ಯಾರು ಏನೇ ತಿದ್ದಿದ್ರೂ ಯಂತ್ರ ಹೊಸದಾಗಿ ಚಿತ್ರ ಬರೆದು ಮಾದರಿ ಜೊತೆ ತಾಳೆ ನೋಡುತ್ತೆ. ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಕೆಂಪು. ಕೆಂಪು ಇದ್ರೆ ಬಿಡುಗಡೆ ಇಲ್ಲ. ಬೇಕಂತಲೇ ಬದಲಾಯಿಸಿದ್ದಾದ್ರೆ, ಕೆಂಪಾದ ಮಾದರಿಗಳನ್ನ ಹೊಸದಾಗಿ ಬರೆಸಿಡ್ತೀವಿ.”

“ಗೆರೆಯಣ್ಣನ ಪರೀಕ್ಷೆ?”

“ಹಸಿರೇ ಇತ್ತು. ಅದೇ ನನಗೂ ತಲೆಕೆಟ್ಟಿರೋದು.”

“ಅವನ ಮಾದರಿ ತೋರಿಸು.”

ತಪಾಸಣೆ ತೆರೆದ. ಮೇಷ್ಟ್ರು ಹಾಳೆಯನ್ನು ಪರದೆಯ ಪಕ್ಕ ಹಿಡಿದರು. ಅದೇ ಚೌಕಟ್ಟು, ಅದೇ ಏರಿಳಿತ, ಅದೇ ಮೂಕ ಚಿತ್ರ. ಪರದೆಯ ಮೇಲಿನ ಗೆರೆ ಮಾತ್ರ ಎಲ್ಲಿಯೂ ತುಂಡಾಗಿರಲಿಲ್ಲ.

ತಪಾಸಣೆ ದಾಖಲೆ ನೋಡಿ ಓದಿದ. ಬಿಡುಗಡೆಯ ಹಿಂದಿನ ದಿನ, ಗುರುವಾರ, ಮುನ್ನೂರ ಹನ್ನೆರಡು ಮಾದರಿಗಳನ್ನು ಒಟ್ಟಿಗೇ ಹೊಸದಾಗಿ ಬರೆಸಲಾಗಿತ್ತು. ಕಾರಣ: ಅಕ್ಷರಗಳ ಬದಲಾವಣೆ. ಮಾಡಿದವರ ಹೆಸರಿನ ಜಾಗದಲ್ಲಿ ತಂಡದ ಸಾಮಾನ್ಯ ಖಾತೆ. ಅದರ ಪಾಸ್‌ವರ್ಡ್ ಮೂವರಿಗೂ ಗೊತ್ತು.

“ಅಕ್ಷರ ದಪ್ಪ ಮಾಡಿದ್ದು ನಾನೇ,” ಎಂದಳು ಬಣ್ಣದಕ್ಕ. “ವಯಸ್ಸಾದೋರಿಗೆ ಕಾಣಲ್ಲ ಅಂತ ದೂರು ಬಂದಿತ್ತು. ಆದ್ರೆ ಮಾದರಿ ಬರೆಸಿದ್ದು ನಾನಲ್ಲ.”

“ನಾನೂ ಅಲ್ಲ,” ಎಂದ ತಪಾಸಣೆ.

“ಯಾರು ಬರೆಸಿದ್ರೆ ಏನು?” ಎಂದ ಯಜಮಾನ. “ಅಕ್ಷರ ಬದಲಾದ್ರೆ ಮಾದರಿ ಬದಲಾಗುತ್ತೆ. ಪ್ರತಿ ಸಲ ಮಾಡೋದೇ. ಸಂಜೆ ಐದಕ್ಕೆ ಹೊರಗೆ ಹೋಗಬೇಕು ತಾತ, ದಯವಿಟ್ಟು.”

“ಇವರ ಅವಸರ ಕೇಳಬೇಡಿ,” ಎಂದು ಬಣ್ಣದಕ್ಕ ಬೇಸರದಲ್ಲೂ ನಕ್ಕಳು. “ಶುಕ್ರವಾರದ ಬಿಡುಗಡೆಗೆ ಬುಧವಾರವೇ ತಮ್ಮ ಯಂತ್ರದಲ್ಲಿ ಹೊಸ ನಂಬರು ಕೂರಿಸಿಕೊಂಡಿರ್ತಾರೆ. ನಮಗೆಲ್ಲ ಅದು ಸಿಗೋದು ಶುಕ್ರವಾರ. ಮಗು ಹುಟ್ಟೋ ಮುಂಚೆ ಹೆಸರಿಟ್ಟು ಕೂಗೋ ಜಾತಿ.”

ತಾತನೂ ನಕ್ಕು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು.

ಕೆಳಗೆ ಬಂದು ಕುಳಿತ ಮೇಲೆ ಅವರು ಕೇಳಿದರು: “ಮೇಷ್ಟ್ರೇ, ನಾವು ನಕ್ಷೆ ಬರೆದ್ರೆ ಮೂಲೇಲಿ ಬರೆದವನ ಗುರುತು ಹಾಕ್ತಿದ್ವಿ. ಇವರ ಚಿತ್ರಕ್ಕೆ ಅಂಥದ್ದೇನೂ ಇರಲ್ವಾ?”

ಮೇಷ್ಟ್ರು ಇಲ್ಲವೆನ್ನಲು ಹೊರಟು ತಡೆದರು. ಎರಡು ವರ್ಷದ ಹಿಂದೆ ಬಳಕೆಯ ಕೈಪಿಡಿಯಲ್ಲಿ ತಾವೇ ಬರೆದಿದ್ದರು: ಬರೆದ ಪ್ರತಿ ಚಿತ್ರದ ಫೈಲಿನೊಳಗೆ, ಕಣ್ಣಿಗೆ ಕಾಣದ ಹಾಗೆ, ಅದನ್ನು ಬರೆದ ಸಾಫ್ಟ್‌ವೇರಿನ ನಂಬರು ಉಳಿದಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಗೆರೆಯಣ್ಣನ ಆ ಮಾದರಿಯ ಫೈಲು ಹುಡುಕಿ ತೆರೆದರು.

“ಏಳು ಪಾಯಿಂಟ್ ನಾಲ್ಕು,” ಎಂದರು.

“ಅದು ಹೊಸದೋ ಹಳೇದೋ?”

“ಹೊಸದು. ಹಳೇದು ಏಳು ಪಾಯಿಂಟ್ ಮೂರು.”

“ಗೆರೆಯಣ್ಣನ ಮಿಕ್ಕ ಮೂಕ ಚಿತ್ರಗಳು? ಅವೂ ಆ ಗುರುವಾರ ಬದಲಾದವಾ?”

ಮೇಷ್ಟ್ರು ಒಂದೊಂದಾಗಿ ನೋಡಿದರು. ಇದೂ ಸೇರಿ ಅಂಥವು ಹದಿನೇಳಿದ್ದವು. ಮಿಕ್ಕ ಹದಿನಾರನ್ನು ಯಾರೂ ಮುಟ್ಟಿರಲಿಲ್ಲ.

ತಾತ ಕಣ್ಣು ಮುಚ್ಚಿ ಕುಳಿತರು. “ನಿಮ್ಮ ಆ ಅರ್ಧ ವಾಕ್ಯ ಅಳಿಸಿಬಿಡಿ,” ಎಂದರು.

ಬೆಳಿಗ್ಗೆ ದೇವರ ಮುಂದೆ ಕುಳಿತಾಗಲೂ ಅಡ್ಡ ಬಂದ ವಾಕ್ಯ ಅದು. ಮೇಷ್ಟ್ರು ಅಳಿಸಿದರು.

ನಾಲ್ಕು ಗಂಟೆಗೆ ಎಲ್ಲರೂ ಮಹಡಿಯಲ್ಲಿ ಸೇರಿದರು. ಬಣ್ಣದಕ್ಕ ಗೆರೆಯಣ್ಣನ ಹೆಂಡತಿಗೆ “ಬನ್ನಿ ಅತ್ತಿಗೆ” ಎಂದು ಕಿಟಕಿಯ ಬಳಿ ಜಾಗ ಮಾಡಿಕೊಟ್ಟಳು. ತಾತ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ನನಗೆ ನಿಮ್ಮ ವಿದ್ಯೆ ಗೊತ್ತಿಲ್ಲ. ಗೆರೆ ಮಾತ್ರ ಗೊತ್ತು. ತಪ್ಪಿದ್ರೆ ತಿದ್ದಿ. ತಪಾಸಣೆ, ಗೆರೆಯಣ್ಣ ತನ್ನ ಪರೀಕ್ಷೆ ಚಿತ್ರದಲ್ಲಿ ಅಕ್ಷರ ಯಾಕೆ ಹಾಕ್ತಿರ್ಲಿಲ್ಲ?”

“ಅಕ್ಷರದ ರೂಪ ಆಗಾಗ ಬದಲಾಗುತ್ತೆ ತಾತ. ಅಕ್ಷರ ಇದ್ರೆ ಸುಮ್ಮಸುಮ್ಮನೆ ಕೆಂಪು ಬರುತ್ತೆ. ಗೆರೆ ಪರೀಕ್ಷೆಗೆ ಗೆರೆ ಮಾತ್ರ ಇರಲಿ ಅಂತಿದ್ದ.” ಹೇಳುತ್ತ ಹೇಳುತ್ತ ತಪಾಸಣೆಯ ದನಿ ನಿಧಾನವಾಯಿತು.

“ನೋಡು, ನಿನಗೇ ಹೊಳೀತು. ಅವತ್ತು ಮುನ್ನೂರ ಹನ್ನೆರಡು ಕೆಂಪಾದವು. ಮುನ್ನೂರ ಹನ್ನೊಂದರಲ್ಲಿ ಅಕ್ಷರ ಇತ್ತು, ಕಾರಣ ಸರಿ. ಈ ಒಂದರಲ್ಲಿ ಅಕ್ಷರವೇ ಇಲ್ಲ. ಅಕ್ಷರದಿಂದಾಗಿ ಇದು ಕೆಂಪಾಗೋ ಹಾಗೇ ಇಲ್ಲ. ಇದರ ಹದಿನಾರು ಅಣ್ಣತಮ್ಮಂದಿರು ಹಸಿರಾಗೇ ಇದ್ದರಲ್ಲ. ಅಂದ್ರೆ ಇಲ್ಲಿ ಗೆರೆಯೇ ಬದಲಾಗಿತ್ತು. ಗೆರೆಯಣ್ಣನ ಪರೀಕ್ಷೆ ಕೂಗಿ ಹೇಳಿದೆ, ತಪ್ಪಾಗಿದೆ ಅಂತ. ಯಾರೋ ಅದರ ಬಾಯಿ ಮುಚ್ಚಿಸಿದ್ರು. ಮುಚ್ಚಿಸಿದವರು ಬರೆಸಿದ ಚಿತ್ರದೊಳಗೆ ಏಳು ಪಾಯಿಂಟ್ ನಾಲ್ಕು ಅನ್ನೋ ನಂಬರಿದೆ. ಆ ಗುರುವಾರ ಆ ನಂಬರು ಇದ್ದದ್ದು ಒಂದೇ ಯಂತ್ರದಲ್ಲಿ.”

ಯಾರೂ ಯಜಮಾನನ ಕಡೆ ತಿರುಗಲಿಲ್ಲ. ಅವನೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಬೇಕಂತ ಮಾಡ್ಲಿಲ್ಲ,” ಎಂದ. “ಗೆರೆ ಬೇಗ ಬರೆಯೋ ಹಾಗೆ ತಪಾಸಣೆಯೂ ಒಂದು ತಿದ್ದುಪಡಿ ಕಳಿಸಿದ್ದ. ಅದೂ ಗೆರೆಯಣ್ಣಂದೂ ಸಾಫ್ಟ್‌ವೇರ್ ಬರಹದ ಒಂದೇ ಸಾಲುಗಳ ಮೇಲೆ ಬಿದ್ದಿದ್ವು. ಎರಡನ್ನೂ ಹೊಂದಿಸಿ ಕೂರಿಸಬೇಕಿತ್ತು. ಅವಸರದಲ್ಲಿ ತಪಾಸಣೇದೇ ಪೂರ್ತಿ ಇಟ್ಕೊಂಡೆ. ಗೆರೆಯಣ್ಣನ ನಾಲ್ಕು ಸಾಲು ಬಿದ್ದುಹೋಯ್ತು, ಹೆಸರು ಮಾತ್ರ ಉಳೀತು. ಆಮೇಲೆ ಪರದೆ ತುಂಬ ಕೆಂಪು. ಎಲ್ಲ ಅಕ್ಷರದ್ದೇ ಅಂದ್ಕೊಂಡು ಒಂದೇ ಏಟಿಗೆ ಬರೆಸಿಬಿಟ್ಟೆ. ಒಂದನ್ನೂ ತೆರೆದು ನೋಡ್ಲಿಲ್ಲ.”

“ಗೊತ್ತಾಗಿದ್ದು ಯಾವಾಗ?” ಎಂದು ಕೇಳಿದರು ಮೇಷ್ಟ್ರು. ತಾವು ಬಾಯಿ ತೆರೆದದ್ದು ಅವರಿಗೇ ಆಶ್ಚರ್ಯವಾಯಿತು.

“ರಕ್ತನಿಧಿಯವರ ದೂರು ಬಂದ ದಿನ. ಹೇಳಬೇಕು ಅಂದ್ಕೊಂಡೆ. ಆಮೇಲೆ… ಅವನು ಹೋಗಿದ್ದಾನೆ, ಅವನಿಗಿನ್ನು ಏನು ನೋವಾಗುತ್ತೆ ಅಂತ ಅನ್ನಿಸ್ತು.”

ಗೆರೆಯಣ್ಣನ ಹೆಂಡತಿ ಬೈಯುತ್ತಾಳೆಂದು ಮೇಷ್ಟ್ರು ಕಾದರು. ಬೈದಿದ್ದರೆ ಕೋಣೆ ಹಗುರವಾಗುತ್ತಿತ್ತು. ಆಕೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಯಜಮಾನ ಲ್ಯಾಪ್‌ಟಾಪ್ ಎಳೆದುಕೊಂಡ. ಬಿದ್ದುಹೋಗಿದ್ದ ನಾಲ್ಕು ಸಾಲುಗಳನ್ನು ಗೆರೆಯಣ್ಣ ಕಳಿಸಿದ್ದಂತೆಯೇ ಕೂರಿಸಿ, ಅವನ ಹಳೆಯ ಮಾದರಿಯನ್ನೂ ಮರಳಿ ಇಟ್ಟ. ತಪಾಸಣೆ ಪಕ್ಕದಲ್ಲಿ ನಿಂತು ಸಾಲು ಸಾಲಾಗಿ ನೋಡಿದ. ಆಮೇಲೆ ಯಜಮಾನ ಟಿಪ್ಪಣಿಯನ್ನು ತಾನೇ ಬರೆದು, ಯಂತ್ರವನ್ನು ಮೇಷ್ಟ್ರ ಕಡೆ ತಿರುಗಿಸಿದ. “ತಿದ್ದಿಕೊಡಿ ಮೇಷ್ಟ್ರೇ.”

ಅದರಲ್ಲಿ ಹೀಗಿತ್ತು: ‘ಗೆರೆಯ ತಪ್ಪನ್ನು ಗೆರೆಯಣ್ಣ ಸರಿಯಾಗಿಯೇ ತಿದ್ದಿದ್ದರು. ಸೇರಿಸುವಾಗ ಅದನ್ನು ಕೈಬಿಟ್ಟದ್ದು, ಎಚ್ಚರಿಸಿದ ಪರೀಕ್ಷೆಯನ್ನು ಅಳಿಸಿದ್ದು, ತಿಳಿದ ಮೇಲೂ ಸುಮ್ಮನಿದ್ದದ್ದು ನಾನು.’ ಕೆಳಗೆ ಅವನ ಹೆಸರು.

“ತಿದ್ದೋಕೆ ಏನೂ ಇಲ್ಲ,” ಎಂದರು ಮೇಷ್ಟ್ರು.

ಆಕೆ ಎದ್ದು ಬಂದು ಅದನ್ನು ಎರಡು ಸಲ ಓದಿದಳು. ತಲೆಯಾಡಿಸಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ತಿದ್ದುಪಡಿಯೂ ಟಿಪ್ಪಣಿಯೂ ಹೊರಗೆ ಹೋದವು. ರಕ್ತನಿಧಿಯವರಿಗೆ ಬಣ್ಣದಕ್ಕ ಫೋನಿನಲ್ಲೇ ಹೇಳಿದಳು.

ಯಜಮಾನ ತನ್ನ ಕೀಲಿಕೈಗಳನ್ನು ತೆಗೆದು ಮೇಜಿನ ಮೇಲಿಟ್ಟ. “ನಾಳೆಯಿಂದ ಈ ಕೆಲಸ ಬೇರೆ ಯಾರಾದ್ರೂ ನೋಡ್ಕೊಳ್ಳಿ. ನಾನು ಹೊರಟೆ.”

“ಎಲ್ಲಿಗೆ?” ಎಂದಳು ಗೆರೆಯಣ್ಣನ ಹೆಂಡತಿ. ಆ ಸಂಜೆ ಆಕೆ ಅವನೊಡನೆ ಆಡಿದ ಮೊದಲ ಮಾತು ಅದು. “ಅವತ್ತು ನೀವು ನೋಡದೆ ಬರೆಸಿದ್ದು ಒಂದಲ್ಲವಲ್ಲ. ಮಿಕ್ಕ ಮುನ್ನೂರ ಹನ್ನೊಂದರಲ್ಲಿ ಇನ್ನೇನೇನು ಮುಚ್ಚಿಹೋಗಿದೆಯೋ. ಇನ್ಯಾವ ಆಸ್ಪತ್ರೆಯೋರು ಅದನ್ನ ನಂಬಿಕೊಂಡು ಕೂತಿದ್ದಾರೋ. ಅದನ್ನೆಲ್ಲ ನೋಡೋರು ಯಾರು?”

ಯಜಮಾನ ನಿಂತೇ ಇದ್ದ. ತಪಾಸಣೆ ಒಂದು ಪರದೆಯಲ್ಲಿ ಹಳೆಯ ಮಾದರಿಗಳನ್ನು, ಇನ್ನೊಂದರಲ್ಲಿ ಹೊಸವನ್ನು ತೆರೆದಿಟ್ಟ. ಬಣ್ಣದಕ್ಕ ಖಾಲಿ ಹಾಳೆಯೊಂದರಲ್ಲಿ ಒಂದರಿಂದ ಸಂಖ್ಯೆ ಬರೆಯತೊಡಗಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಸರಿಸಿದರು.

ಆಕೆ ನಾಲ್ಕನೆಯ ಕುರ್ಚಿಯನ್ನು ಎಳೆದುಕೊಂಡು ಕುಳಿತಳು.

“ಕೂತ್ಕೊಳ್ಳಿ,” ಎಂದಳು ಯಜಮಾನನಿಗೆ. “ಮೊದಲನೇದು ತೆಗೀರಿ.”